ಎರಡು ಸೆಕೆಂಡಿನ ಗಳಿಕೆ

ಮೊನ್ನೆ ನನ್ನ ಹೆಂಡತಿ ಹೊಲಿಗೆ ಡಬ್ಬಿಯಲ್ಲಿ ಅಂಗಿಯ ಗುಂಡಿ ಹುಡುಕುತ್ತಿದ್ದಳು. ಗುಂಡಿ ಸಿಗಲಿಲ್ಲ. ಮುಕ್ಕಾಲು ಗೇಣಿನ ಹಸಿರು ಪಟ್ಟಿಯೊಂದು ಸಿಕ್ಕಿತು. ಅದರ ಒಂದು ಅಂಚಿಗೆ ಬಂಗಾರದ ಬಣ್ಣದ ಸಣ್ಣ ಹಲ್ಲುಗಳ ಸಾಲು, ಮೈಮೇಲೆ ಎಂಟು ಕಪ್ಪು ಚೌಕ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದೆಂತ, ಹೇನು ತೆಗೆಯುವ ಬಾಚಣಿಗೆಯೋ ಎಂದು ಕೇಳಿದಳು. ಕಂಪ್ಯೂಟರಿನ ಮೆಮರಿ ಎಂದೆ. ಯಾರದ್ದು ಎಂದಳು. ನನ್ನದೇ ಎಂದೆ.

ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಹೇಳದೆ ಉಳಿದ ಸಂಗತಿಗಳಲ್ಲಿ ಇದೂ ಒಂದು. ಮುಚ್ಚಿಡಬೇಕೆಂದೇನಲ್ಲ. ಹೇಳತೊಡಗಿದರೆ ನಾನೊಂದು ಕಾಲಕ್ಕೆ ಎಂಥ ಪೆದ್ದನಾಗಿದ್ದೆ ಎಂಬಲ್ಲಿಂದಲೇ ಶುರುಮಾಡಬೇಕಾಗುತ್ತದೆ. ನಿಮಗಾದರೆ ಹೇಳಬಹುದು. ನೀವು ನಾಳೆ ಬೆಳಿಗ್ಗೆ ಚಹಾ ಕೊಡುವಾಗ ಅದನ್ನು ಎತ್ತಿ ಆಡುವುದಿಲ್ಲ.

ಆಗ ಹೊನ್ನಾವರದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಭಜನೆ, ಸಿನಿಮಾ ಹಾಡು, ಯಕ್ಷಗಾನದ ಆಟದ ಕ್ಯಾಸೆಟ್ಟು, ಖಾಲಿ ಕ್ಯಾಸೆಟ್ಟಿಗೆ ನಿಮಗೆ ಬೇಕಾದ ಹಾಡನ್ನು ತುಂಬಿಸಿಕೊಡುವುದು, ಇಷ್ಟು ವ್ಯಾಪಾರ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಎಲ್ಲರೂ ಸಿಡಿ ಕೇಳತೊಡಗಿದರು. ನಾನೂ ಒಂದು ಕಂಪ್ಯೂಟರ್ ತಂದು ಬೋರ್ಡಿನ ಕೆಳಗೆ ‘ಹಳೆಯ ಕ್ಯಾಸೆಟ್ಟುಗಳನ್ನು ಸಿಡಿ ಮಾಡಿಕೊಡಲಾಗುವುದು’ ಎಂದು ಬರೆಸಿದೆ. ಪೇಂಟರು ‘ಹಳೆಯ’ ಎನ್ನುವುದನ್ನು ಎಷ್ಟು ದೊಡ್ಡದಾಗಿ ಬರೆದಿದ್ದನೆಂದರೆ, ದೂರದಿಂದ ನೋಡಿದವರು ಗುಜರಿ ಅಂಗಡಿ ಎಂದು ತಿಳಿದು ತಗಡು, ಬಾಟಲಿ ಹಿಡಿದು ಬರುತ್ತಿದ್ದರು.

ಕಂಪ್ಯೂಟರ್ ಕಟ್ಟಿಕೊಟ್ಟವರು ಭಟ್ಕಳದ ಮುನೀರ್ ಭಾಯಿ. ದುಬೈಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ತಂದೆ ಹಾಸಿಗೆ ಹಿಡಿದರೆಂದು ಊರಿಗೆ ಮರಳಿದವರು. ಅತ್ತರಿನ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕೋಣೆ. ಕೆಳಗಿನ ಪರಿಮಳ ಮೆಟ್ಟಿಲು ಹತ್ತಿ ಬಂದು ಅಲ್ಲಿನ ತಂತಿ, ಪೆಟ್ಟಿಗೆ, ಸ್ಕ್ರೂ ಡ್ರೈವರುಗಳಿಗೂ ಅಂಟಿಕೊಂಡಿತ್ತು. ಅಲ್ಲಿಂದ ತಂದ ಕಂಪ್ಯೂಟರ್ ತಿಂಗಳುಗಟ್ಟಲೆ ಮದುವೆಮನೆಯ ವಾಸನೆ ಬೀರುತ್ತಿತ್ತು. ಹಾಲಿಲ್ಲದ ಚಹಾ ಕುಡಿಯುತ್ತ, ಮನೆಯವರೊಡನೆ ಫೋನಿನಲ್ಲಿ ನವಾಯತಿ, ಗಿರಾಕಿಗಳೊಡನೆ ಕನ್ನಡ, ತಿರುಗದ ಸ್ಕ್ರೂವಿನೊಡನೆ ಉರ್ದು ಮಾತಾಡುತ್ತಿದ್ದರು. ಅವಸರ ಎನ್ನುವುದನ್ನು ಅವರು ದುಬೈಯಲ್ಲೇ ಬಿಟ್ಟುಬಂದಿದ್ದರು.

ನನ್ನ ಹುಚ್ಚು ಶುರುವಾದದ್ದು ಆ ಕೋಣೆಯಲ್ಲೇ. ಒಂದು ದಿನ ಅವರು ಕಂಪ್ಯೂಟರ್ ಚಾಲೂ ಮಾಡಿ, ವಿಂಡೋಸ್ ಬರುವ ಮೊದಲೇ ಒಂದು ಕೀಲಿ ಒತ್ತಿ, ನೀಲಿ ಪರದೆಯೊಂದನ್ನು ತೆರೆದರು. ಅದರಲ್ಲಿ ಮೆಮರಿಯ ನಾಲ್ಕು ಅಂಕೆಗಳು: ಮೂರು, ಮೂರು, ಮೂರು, ಎಂಟು. ಅವೇನೆಂದು ಕೇಳಿದೆ. ಮೆಮರಿ ಎಂದರೆ ಸಾಲು ಸಾಲು ಖಾನೆಗಳಿರುವ ಒಂದು ಕಪಾಟು ಎಂದು ತಿಳಿದುಕೊಳ್ಳಿ ಎಂದರು. ಇಂಥ ಖಾನೆಯಲ್ಲಿರುವುದು ಬೇಕು ಎಂದು ಕೇಳಿದ ಮೇಲೆ ಅದು ಕೈಗೆ ಬರಲು ಇಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕ ಒಂದು ಅಂಕೆ, ಒಂದು ಸಾಲು ಮುಚ್ಚಿ ಇನ್ನೊಂದನ್ನು ತೆರೆಯಲು ಬೇಕಾದ ಹೊತ್ತು ಇನ್ನೊಂದು, ಹೀಗೆ ನಾಲ್ಕು. ಅಂಕೆ ಸಣ್ಣದಾದಷ್ಟೂ ಕಾಯುವುದು ಕಡಿಮೆ, ಕಂಪ್ಯೂಟರ್ ಅಷ್ಟು ಚುರುಕು. ಹಾಗಾದರೆ ಎಲ್ಲವನ್ನೂ ಸಣ್ಣದು ಮಾಡಿಬಿಡಬಹುದಲ್ಲ ಎಂದೆ. ಮಾಡಬಹುದು, ಆದರೆ ತೀರ ಬೇಗ ಕೈಚಾಚಿದರೆ ಕೇಳಿದ್ದು ಬರುವುದಿಲ್ಲ, ಬೇರೇನೋ ಬರುತ್ತದೆ, ಬಂದದ್ದು ತಪ್ಪು ಎಂದು ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ ಎಂದರು. ಒಂದೊಂದೇ ಅಂಕೆ ಇಳಿಸಬೇಕು, ಪ್ರತಿ ಸಲವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಪರೀಕ್ಷೆ ಓಡಿಸಿ ನೋಡಬೇಕು. ಹಾಗೆಂದು ಪರೀಕ್ಷೆಯ ಪ್ರೋಗ್ರಾಮಿದ್ದ ಒಂದು ಫ್ಲಾಪಿ ಕೊಟ್ಟರು.

ನಾನು ಕಿವಿಗೆ ಹಾಕಿಕೊಂಡದ್ದು ಅರ್ಧ. ‘ಮಾಡಬಹುದು’ ಎಂಬುದನ್ನು ಮಾತ್ರ ಹೊತ್ತುಕೊಂಡು ಹೊನ್ನಾವರದ ಬಸ್ಸು ಹತ್ತಿದೆ.

ಆಮೇಲಿನ ಆರು ತಿಂಗಳು ನಾನು ಬದುಕಿದ್ದು ಆ ನೀಲಿ ಪರದೆಯಲ್ಲಿ. ಅಂಕೆ ಇಳಿಸುವುದು, ಮತ್ತೆ ಚಾಲೂ ಮಾಡುವುದು. ತೀರ ಇಳಿಸಿದರೆ ಯಂತ್ರ ಏಳುತ್ತಲೇ ಇರಲಿಲ್ಲ. ಆಗ ಒಳಗಿನ ಗುಂಡು ಬ್ಯಾಟರಿ ಕಿತ್ತು, ಹತ್ತು ನಿಮಿಷ ಕೈಕಟ್ಟಿ ಕೂತು, ಮತ್ತೆ ಸಿಕ್ಕಿಸಬೇಕು. ಹಾಗೆ ಕಿತ್ತಾಗೆಲ್ಲ ಕಂಪ್ಯೂಟರಿನ ಗಡಿಯಾರ ಹಿಂದೆ ಸರಿದು, ಕಂಪನಿಯವರು ಇಟ್ಟಿದ್ದ ಮೊದಲ ತಾರೀಖಿಗೆ ಹೋಗಿ ನಿಲ್ಲುತ್ತಿತ್ತು. ನಾನು ಮಾಡಿದ ಸಿಡಿಗಳಲ್ಲಿ ಎಷ್ಟೋ ಹಾಡುಗಳು ಆ ಸಿನಿಮಾ ಬರುವ ಎರಡು ವರ್ಷ ಮೊದಲೇ ತಯಾರಾದಂತೆ ತಾರೀಖು ತೋರಿಸುತ್ತಿದ್ದವು. ಕುಮಟೆಯಲ್ಲಿ ಮದುವೆಯ ವಿಡಿಯೊ ಜೋಡಿಸುತ್ತಿದ್ದ ಮಂಜುನಾಥನೆಂಬ ಗೆಳೆಯನಿಗೂ ಇದೇ ಹುಚ್ಚು ಹಚ್ಚಿದೆ. ವೃತ್ತದ ಸುತ್ತಳತೆಗೆ ಬೇಕಾಗುವ ಆ ‘ಪೈ’ ಇದೆಯಲ್ಲ, ಅದನ್ನು ಹತ್ತು ಲಕ್ಷ ಅಂಕೆಗಳವರೆಗೆ ಲೆಕ್ಕ ಹಾಕುವ ಒಂದು ಪ್ರೋಗ್ರಾಮು ಇತ್ತು. ಅದಕ್ಕೆ ಯಾರ ಯಂತ್ರ ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ನಾವು ಫೋನಿನಲ್ಲಿ ಪಂಥ ಕಟ್ಟುತ್ತಿದ್ದೆವು. ಅವನದು ನಲವತ್ತೇಳು. ನನ್ನದು ನಲವತ್ತೆಂಟು.

ಒಂದು ಮಧ್ಯಾಹ್ನ ಎಲ್ಲ ಅಂಕೆಗಳನ್ನೂ ಒಟ್ಟಿಗೇ ಇಳಿಸಿದೆ: ಎರಡು, ಎರಡು, ಎರಡು, ಐದು. ಮೆಮರಿಗೆ ವೋಲ್ಟೇಜು ಸ್ವಲ್ಪ ಏರಿಸಿದೆ, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಎದುರಿಗೆ ಟೇಬಲ್ ಫ್ಯಾನು ಇಟ್ಟೆ. ಯಂತ್ರ ಎದ್ದಿತು. ನಲವತ್ತಾರು ಸೆಕೆಂಡು. ಮುನೀರ್ ಭಾಯಿ ಕೊಟ್ಟ ಪರೀಕ್ಷೆಯನ್ನು ಇಪ್ಪತ್ತು ನಿಮಿಷ ಓಡಿಸಿದೆ, ತಪ್ಪು ಕಾಣಲಿಲ್ಲ, ನಿಲ್ಲಿಸಿದೆ. ಮಂಜುನಾಥನಿಗೆ ಫೋನು ಮಾಡಿದೆ. ಅವನು ಅಂಕೆಗಳನ್ನು ಎರಡೆರಡು ಸಲ ಹೇಳಿಸಿ ಬರೆದುಕೊಂಡ. ಮನೆಗೆ ಹೋಗಿ ಅಮ್ಮನಿಗೂ ಎರಡು-ಎರಡು-ಎರಡು-ಐದು ಎಂದೆ. ಅವಳು ಇಡಗುಂಜಿಯ ಗಣಪತಿಗೆ ಹೇಳಿಕೊಂಡ ಹರಕೆಯ ಲೆಕ್ಕವಿರಬೇಕೆಂದು ತಿಳಿದು, ಕಾಯಿ ಎಷ್ಟಾದರೂ ಇರಲಿ, ಬೇಗ ತೀರಿಸಿ ಬಾ ಎಂದಳು.

ಮಾದೇವಿ ನನ್ನ ಅಂಗಡಿಗೆ ಬಂದದ್ದು ಅದಾದ ಮರುವಾರ.

ಕಾಸರಕೋಡಿನ ಕಡೆಯ ಮೀನುಗಾರರ ಮನೆಯ ಹೆಂಗಸು. ಬೆಳಿಗ್ಗೆ ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿಯನ್ನು ಹೊರಗೆ ಮೆಟ್ಟಿಲ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು. ಜೊತೆಗೆ ಮಗಳು ವೀಣಾ, ಹದಿಮೂರು ವರ್ಷದವಳು, ಶಾಲೆಯ ಸಮವಸ್ತ್ರದಲ್ಲಿ. ಹಳೆಯ ಬಿಸ್ಕೀಟಿನ ಡಬ್ಬಿಯೊಂದನ್ನು ಮಾದೇವಿ ಮೇಜಿನ ಮೇಲಿಟ್ಟಳು. ಅದರಲ್ಲಿ ಒಂಬತ್ತು ಕ್ಯಾಸೆಟ್ಟು, ಪ್ರತಿಯೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂಬ ಗುರುತು ದಾರದ್ದು.

ಅವಳ ಗಂಡ ಶ್ರೀಧರ ಮಸ್ಕತ್ತಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ. ಆಗೆಲ್ಲ ಗಲ್ಫಿಗೆ ಹೋದವರು, ಮನೆಯಲ್ಲಿ ಓದುವವರಿಲ್ಲದಿದ್ದರೆ, ಕಾಗದದ ಬದಲು ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ಅವನು ಕಳಿಸಿದ್ದು ಒಂಬತ್ತು. ಕೊನೆಯದು ಬಂದು ಒಂದೂವರೆ ತಿಂಗಳಿಗೆ, ಕೆಲಸದ ಜಾಗದಲ್ಲೇ ಎದೆನೋವು ಬಂದು ತೀರಿಕೊಂಡ. ವೀಣಾಳಿಗೆ ಆಗ ಐದು ವರ್ಷ. ಅಪ್ಪನೆಂದರೆ ಅವಳ ನೆನಪಿನಲ್ಲಿದ್ದದ್ದು ಗಲ್ಫಿನಿಂದ ತಂದ ಪೆಟ್ಟಿಗೆ ತೆರೆದಾಗ ಬಂದ ಸೆಂಟಿನ ವಾಸನೆಯೊಂದೇ. ಮನೆಯ ಟೇಪ್ ರೆಕಾರ್ಡರ್ ಕೆಟ್ಟು ಆರೇಳು ವರ್ಷವಾಗಿತ್ತು. ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿಯತೊಡಗಿತ್ತು. ಮಗಳು ಅಪ್ಪನ ಸ್ವರ ಕೇಳಬೇಕೆನ್ನುತ್ತಾಳೆ ಎಂದಳು ಮಾದೇವಿ. ಹಳದಿ ದಾರದ್ದನ್ನು ತೋರಿಸಿ ಮೆಲ್ಲಗೆ ಹೇಳಿದಳು.

"ಇದು ಕೊನೇದು, ತಮಾ. ಇದ್ರಲ್ಲಿ ವೀಣಂಗೆ ಮಾತಾಡಿದ್ದ. ಇದನ್ನ ಜೋಪಾನ ಮಾಡು."

ಚಿಂತೆ ಮಾಡಬೇಡಿ, ನನ್ನ ಯಂತ್ರ ಇಡೀ ತಾಲೂಕಿನಲ್ಲೇ ಚುರುಕು ಎಂದೆ. ಈಗಲೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ದಿನಕ್ಕೊಂದು ಕ್ಯಾಸೆಟ್ಟಿನಂತೆ ಹಚ್ಚಿದೆ. ಟೇಪಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ, ಪೂರ್ತಿ ಒಂದೂವರೆ ತಾಸು ಆಡಲು ಬಿಡಬೇಕು. ಇಲ್ಲಿ ಅವಸರಕ್ಕೆ ದಾರಿಯೇ ಇಲ್ಲ. ಹೀಗೆ ಎಂಟು ದಿನ ಶ್ರೀಧರ ನನ್ನ ಅಂಗಡಿಯಲ್ಲಿ ಮಾತಾಡಿದ. ಅಲ್ಲಿನ ಸೆಕೆಯ ಬಗ್ಗೆ, ಕೋಣೆಯಲ್ಲಿ ಜೊತೆಗಿದ್ದ ಕೇರಳದವನ ಗೊರಕೆಯ ಬಗ್ಗೆ, ಅಲ್ಲಿನ ಸಮುದ್ರದಲ್ಲಿ ಬಂಗಡೆ ಸಿಕ್ಕರೂ ಅದಕ್ಕೆ ರುಚಿಯಿಲ್ಲದ ಬಗ್ಗೆ. ಮಳೆಗೆ ಮೊದಲು ಹಂಚು ತಿರುವಿಸಿದೆಯಾ ಎಂದು ಕೇಳುತ್ತಿದ್ದ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ, ಉತ್ತರ ಬರುತ್ತದೆ ಎನ್ನುವವನ ಹಾಗೆ. ಆಮೇಲೆ ‘ಆತು ಹಾಗಾರೆ’ ಎಂದು ಮುಂದಿನ ಮಾತಿಗೆ ಹೋಗುತ್ತಿದ್ದ. ಮೊದಲ ದಿನ ಬೇರೆಯವರ ಮನೆಯ ಮಾತು ಕೇಳಬಾರದೆಂದು ಧ್ವನಿ ತಗ್ಗಿಸಿ ಹೊರಗೆ ಕೂತಿದ್ದೆ. ಮೂರನೆಯ ದಿನದ ಹೊತ್ತಿಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಿದ್ದೆ. ನನ್ನಪ್ಪ ಮಾತಿನವನಲ್ಲ; ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ನನ್ನನ್ನು ಹೆಸರು ಹಿಡಿದು ಕೂಗಿದ್ದೂ ಕಡಿಮೆ. ಒಬ್ಬ ಗಂಡಸು ಮನೆಯವರಿಗಾಗಿ ಇಷ್ಟೊಂದು ಮಾತನ್ನು ಕೂಡಿಟ್ಟುಕೊಂಡಿರಬಹುದೆಂದು ನನಗೆ ಗೊತ್ತಿರಲಿಲ್ಲ. ಎಂದೂ ನೋಡದ, ಸತ್ತು ಎಂಟು ವರ್ಷವಾದ ಮನುಷ್ಯನಿಗಾಗಿ ನಾನು ಬೆಳಿಗ್ಗೆ ಬೇಗ ಬೇಗ ಅಂಗಡಿ ತೆರೆಯುತ್ತಿದ್ದೆ.

ಎಂಟೂ ಕ್ಯಾಸೆಟ್ಟು ಸುಸೂತ್ರವಾಗಿ ಸಿಡಿಗೆ ಬಂದವು. ಒಂಬತ್ತನೆಯದು, ಹಳದಿ ದಾರದ್ದು.

ಸುಮಾರು ಇಪ್ಪತ್ತೈದು ನಿಮಿಷ ಆಗಿರಬೇಕು. ಗಿರಾಕಿಯೊಬ್ಬರಿಗೆ ಬಾಗಿಲಲ್ಲಿ ಏನೋ ಹೇಳುತ್ತಿದ್ದೆ. ತಿರುಗಿ ನೋಡಿದರೆ ಪರದೆ ನೀಲಿಯಾಗಿ, ಬಿಳಿ ಅಕ್ಷರಗಳು ತುಂಬಿ, ಎಲ್ಲ ನಿಂತುಹೋಗಿತ್ತು. ಓಡಿಬಂದು ಮತ್ತೆ ಚಾಲೂ ಮಾಡಿದೆ. ಅರ್ಧಕ್ಕೆ ಬಂದು ಮತ್ತೆ ನೀಲಿ. ಮೂರನೆಯ ಸಲ ಹಾರ್ಡ್ ಡಿಸ್ಕಿನಲ್ಲಿ ಏನೋ ತಪ್ಪಿದೆ, ಸರಿಪಡಿಸುತ್ತೇನೆ ಎಂದು ಅದೇ ಹೇಳಿ, ಸರಿಪಡಿಸಿ, ರೆಕಾರ್ಡಿನ ಕಡತವನ್ನೂ ಅಳಿಸಿಹಾಕಿತು. ಈ ಗಡಿಬಿಡಿಯಲ್ಲಿ ಟೇಪು ತಿರುಗುತ್ತಲೇ ಇದೆ ಎಂಬುದನ್ನು ಮರೆತಿದ್ದೆ. ಕಿರ್ ಎಂದು ಶಬ್ದ ಬಂತು. ಬೂಸಲು ಹಿಡಿದ ಸುರುಳಿ ಎಲ್ಲೋ ಅಂಟಿ, ಹೊರಗೆ ಬಂದು, ಒಳಗಿನ ರಬ್ಬರ್ ಚಕ್ರಕ್ಕೆ ಸುತ್ತಿಕೊಂಡಿತ್ತು. ಗಾಬರಿಯಲ್ಲಿ ನಿಲ್ಲಿಸುವ ಗುಂಡಿ ಒತ್ತುವ ಮೊದಲು ಮುಚ್ಚಳ ತೆರೆದು ಎಳೆದೆ. ಮೂರು ಕಡೆ ತುಂಡಾಯಿತು. ಉಳಿದದ್ದು ಶಾವಿಗೆಯ ಹಾಗೆ ಮುದುಡಿ ಕೈಗೆ ಬಂತು. ಅಂಟಿನ ಪಟ್ಟಿ ಹಚ್ಚಿ ಜೋಡಿಸಿ ಎರಡು ದಿನ ಹೆಣಗಿದೆ. ಶ್ರೀಧರ ಅಲ್ಲಲ್ಲಿ ಒಂದೊಂದು ಮಾತಿಗೆ ಮೇಲೆ ಬಂದು ಮತ್ತೆ ಗೊರಗೊರ ಶಬ್ದದಲ್ಲಿ ಮುಳುಗುತ್ತಿದ್ದ. ಯಾವ ವಾಕ್ಯವೂ ಪೂರ್ತಿ ಸಿಗಲಿಲ್ಲ.

ಈ ಎರಡು ದಿನವೂ ನನಗೆ ಒಳಗೊಳಗೇ ಒಂದು ಸಂಶಯ ಇತ್ತು. ಅದರ ಕಡೆ ನೋಡದೆ ಟೇಪನ್ನೇ ನೋಡುತ್ತಿದ್ದೆ.

ಮಾದೇವಿ, ವೀಣಾ ಬಂದರು. ಎಂಟು ಸಿಡಿ ಕೊಟ್ಟೆ. ಒಂಬತ್ತನೆಯ ಕ್ಯಾಸೆಟ್ಟು ಬೂಸಲು ಹಿಡಿದು ಮೊದಲೇ ಹಾಳಾಗಿತ್ತು, ಹಾಕಿದ ಕೂಡಲೆ ತುಂಡಾಯಿತು ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಬೂಸಲು ಇದ್ದದ್ದು ಸುಳ್ಳೇನಲ್ಲವಲ್ಲ ಎಂದು ಮನಸ್ಸು ಒಳಗಿನಿಂದ ಬೆನ್ನು ತಟ್ಟುತ್ತಿತ್ತು. ಮಾದೇವಿ ಮುದುಡಿದ ಸುರುಳಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಅಂಗೈಯಲ್ಲಿ ಹಿಡಿದುಕೊಂಡು ನಿಂತಳು. ಒಲೆಯ ಮೇಲಿನ ಹಲಗೆಯ ಮೇಲೆ ಇಟ್ಟಿದ್ದೆ, ಮಳೆಗಾಲದಲ್ಲಿ ಬೆಚ್ಚಗಿರಲಿ ಎಂದು, ಎಂದಳು. ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ವೀಣಾ ತಾಯಿಯ ಮುಖ ನೋಡಿದಳು.  ಬಸ್ಸಿಗೆ ಹೋಗುವಾಗ ತಾಯಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಕಂಪ್ಯೂಟರ್ ಅಲ್ಲಿಂದ ಮುಂದೆ ಹಟ ಹಿಡಿಯಿತು. ದಿನಕ್ಕೆರಡು ಸಲ ನೀಲಿಯಾಗುತ್ತಿತ್ತು. ನಾಲ್ಕನೆಯ ದಿನ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬೆಳಗಿನ ಬಸ್ಸಿನಲ್ಲಿ ಭಟ್ಕಳಕ್ಕೆ ಹೋದೆ. ಮುನೀರ್ ಭಾಯಿ ಅಂಕೆಗಳನ್ನು ನೋಡಿದರು. ಎರಡು, ಎರಡು, ಎರಡು, ಐದು. ನನ್ನ ಮುಖವನ್ನೂ ನೋಡಿದರು. ಅಂಕೆ ಬದಲಿಸಲಿಲ್ಲ. ಹಾಗೆಯೇ ಇಟ್ಟು ಪರೀಕ್ಷೆ ಹಚ್ಚಿದರು.

ಇಪ್ಪತ್ತು ನಿಮಿಷ ಕಳೆಯಿತು. ಏನೂ ತಪ್ಪಿಲ್ಲ. ಒಂದು ತಾಸಾಯಿತು. ತಪ್ಪಿಲ್ಲ. ನನಗೆ ಉಸಿರು ಹಗುರವಾಗುತ್ತ ಬಂತು. ಹಾಗಾದರೆ ಟೇಪಿನದೇ ತಪ್ಪು, ಹಾರ್ಡ್ ಡಿಸ್ಕಿನದೇ ತಪ್ಪು. ಅವರು ಚಹಾ ತರಿಸಿದರು. ಎರಡೂವರೆ ತಾಸಿನ ಹೊತ್ತಿಗೆ ಪರದೆಯ ಕೆಳಗೆ ಒಂದು ಕೆಂಪು ಗೆರೆ ಮೂಡಿತು. ಸ್ವಲ್ಪ ಹೊತ್ತಿಗೆ ಇನ್ನೆರಡು. ಅವರು ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ಪರದೆ ಪೂರ್ತಿ ಕೆಂಪಾಗಿತ್ತು.

ಏನು ಹಾಳಾಯಿತು ಎಂದು ಕೇಳಿದರು. ಹೇಳಿದೆ. ಅವರಿಗೆ ಏನು ಹೇಳಿದಿರಿ ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ಪರೀಕ್ಷೆ ನಿಲ್ಲಿಸಿ ಯಂತ್ರ ಆರಿಸಿದರು. ಮೇಜಿನ ಖಾನೆ ತೆರೆದು ಒಂದು ಕ್ಯಾಸೆಟ್ಟು ತೋರಿಸಿದರು. ದುಬೈಗೆ ಅವರ ತಾಯಿ ಕಳಿಸಿದ್ದು. ತಾಯಿ ಮಾತಾಡುವಾಗ ಹಿತ್ತಿಲಲ್ಲಿ ಆಡು ಕೂಗುತ್ತದಂತೆ, ಮೀನಿನವಳು ಬಾಗಿಲಿಗೆ ಬಂದು ಕೂಗುತ್ತಾಳಂತೆ, ತಾಯಿ ಮಾತು ನಿಲ್ಲಿಸಿ ಅವಳೊಡನೆ ಚೌಕಾಸಿ ಮಾಡಿ ಮತ್ತೆ ಮಗನ ಹತ್ತಿರ ಬರುತ್ತಾಳಂತೆ. ತಾಯಿ ಈಗ ಇಲ್ಲ ಎಂದರು. ಕ್ಯಾಸೆಟ್ಟನ್ನು ಮತ್ತೆ ಖಾನೆಯಲ್ಲಿಟ್ಟು ಮುಚ್ಚಿದರು.

"ನಾಯ್ಕರೆ, ಮೆಮರಿ ನಾನು ಸರಿ ಮಾಡಿಕೊಡ್ತೆ. ಆ ಇನ್ನೊಂದು ನೀವೇ ಮಾಡ್ಬೇಕು. ಇವತ್ತೇ ಹೋಗಿ."

ಸಂಜೆಗೆ ಮೊದಲೇ ಕಾಸರಕೋಡು ತಲುಪಿದೆ. ಮಾದೇವಿ ಮರಳಿನ ಮೇಲೆ ಹಾಸಿದ ಬಲೆಯಿಂದ ಒಣಮೀನನ್ನು ಬುಟ್ಟಿಗೆ ತುಂಬುತ್ತಿದ್ದಳು. ನನ್ನನ್ನು ನೋಡಿ, ಬಾ ಎಂದಳು. ನಿಂತುಕೊಂಡೇ ಎಲ್ಲ ಹೇಳಿದೆ. ಬೂಸಲಿನಿಂದಲ್ಲ, ನನ್ನಿಂದ ಎಂದೆ. ಕಂಪ್ಯೂಟರ್ ಬೇಗ ಓಡಲಿ ಎಂದು ನಾನು ಮಾಡಿದ ಕೆಲಸದಿಂದ ಅದು ನಿಂತುಹೋಯಿತು, ಆ ಗಡಿಬಿಡಿಯಲ್ಲಿ ಟೇಪನ್ನು ನಾನೇ ಎಳೆದು ಹರಿದೆ, ಆಮೇಲೆ ನಿಮಗೆ ಸುಳ್ಳು ಹೇಳಿದೆ. ಅವಳು ಬುಟ್ಟಿ ತುಂಬುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ಎಷ್ಟು ಬೇಗ ಆಗ್ತಿತ್ತು?"

"ಎರಡು ಸೆಕೆಂಡು."

"ಎರಡು ಸೆಕೆಂಡಲ್ಲಿ ನೀ ಎಂತ ಮಾಡ್ತಿದ್ದೆ?"

  ಮಂಜುನಾಥನಿಗೆ ಫೋನು ಮಾಡುತ್ತಿದ್ದೆ ಎನ್ನುವುದೇ ಸತ್ಯ.

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ನೋಡು ತಮಾ, ಹರಿದದ್ದು ಹರಿಯಿತು, ನಾಲ್ಕು ದಿನದಿಂದ ನಾನು ಹಲಗೆಯ ಮೇಲಿಟ್ಟದ್ದೇ ತಪ್ಪು ಎಂದುಕೊಳ್ಳುತ್ತಿದ್ದೆ ಎಂದಳು. ಹುಡುಗಿ ನನ್ನ ಹತ್ತಿರ ಮಾತಾಡುತ್ತಿಲ್ಲ, ಊಟ ಹಾಕಿದರೆ ತಟ್ಟೆ ತೆಗೆದುಕೊಂಡು ಹೊರಗೆ ಹೋಗುತ್ತದೆ ಎಂದಳು. ನನ್ನ ಸುಳ್ಳು ಒಬ್ಬರಿಗೂ ನೋವು ಮಾಡದೆ ಅಲ್ಲೇ ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತದೆ ಎಂದು ನಾನು ತಿಳಿದಿದ್ದೆ. ಅದು ಹೊಳೆಯ ಸೇತುವೆ ದಾಟಿ ಬಂದು ಇವರ ಮನೆಯೊಳಗೆ ಕೂತಿತ್ತು.

"ವೀಣಾ, ಬಾ ಇಲ್ಲಿ. ಇಂವ ಎಂತ ಹೇಳ್ತ ಕೇಳು."

ಹುಡುಗಿಯ ಎದುರು ಮತ್ತೊಮ್ಮೆ ಎಲ್ಲ ಹೇಳಬೇಕಾಯಿತು. ದೊಡ್ಡವರಿಗೆ ಹೇಳುವುದಕ್ಕಿಂತ ಕಷ್ಟವಿತ್ತು. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಹೇಳಿ ಮುಗಿಸಿದ ಮೇಲೆ ತಾಯಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಬಲೆಯ ಮೇಲಿನ ಮೀನು ಆಯತೊಡಗಿದಳು. ಇಬ್ಬರೂ ಒಂದೇ ಬುಟ್ಟಿಗೆ ತುಂಬುತ್ತಿದ್ದರು. ನಾನು ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದೆ. ಅದರಲ್ಲಿ ಏನಿತ್ತು ಎಂದು ವೀಣಾ ತಾಯಿಯನ್ನು ಕೇಳಿದಳು, ತಲೆ ಎತ್ತದೆ.

"ಇದ್ದದ್ದೆಲ್ಲ ನಂಗೆ ಬತ್ತದೆ," ಎಂದಳು ಮಾದೇವಿ. "ಟೇಪ್ ಕೆಡೂವರೆಗೂ ದಿನಾ ಕೇಳಿದ್ದೆ. ಹೇಳಲನಾ?"

ಅದನ್ನೇ ನನ್ನ ಅಂಗಡಿಯಲ್ಲಿ ಹೇಳುತ್ತೀರಾ ಎಂದು ನಾನು ಕೇಳಿದೆ. ಕೇಳುವ ಯೋಗ್ಯತೆ ನನಗಿರಲಿಲ್ಲ. ಅವಳು ಮಗಳ ಕಡೆ ನೋಡಿದಳು. ವೀಣಾ ಆಗಲಿ ಎಂಬಂತೆ ತಲೆಯಾಡಿಸಿದಳು.

ಮುನೀರ್ ಭಾಯಿ ಅಂಕೆಗಳನ್ನು ಮೂರು, ಮೂರು, ಮೂರು, ಎಂಟಕ್ಕೆ ತಂದು, ಒಂದು ದಿನವಿಡೀ ಪರೀಕ್ಷೆ ಓಡಿಸಿ, ಗೆರೆಯೊಂದೂ ಇಲ್ಲದ ಪರದೆಯನ್ನು ನನಗೆ ತೋರಿಸಿಯೇ ಯಂತ್ರ ಕೊಟ್ಟರು. ನಾನು ಅಂಗಡಿಗೆ ತಂದು ಮತ್ತೆರಡು ದಿನ ಓಡಿಸಿದೆ. ಆ ವಾರ ಗಿರಾಕಿಗಳಿಗೆಲ್ಲ ಕಂಪ್ಯೂಟರಿಗೆ ಹುಷಾರಿಲ್ಲ ಎಂದೆ.

ಮಾದೇವಿ ಬಂದ ದಿನ ಬಾಗಿಲನ್ನು ಅರ್ಧ ಎಳೆದೆ. ಅವಳು ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಮೈಕನ್ನು ನೋಡಿ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಶ್ರೀಧರ ಹೀಗೆ ಹೇಳಿದ್ದ, ಹಾಗೆ ಹೇಳಿದ್ದ ಎಂದು ಹೇಳಬಹುದೆಂದು ನಾನು ಎಣಿಸಿದ್ದೆ. ಅವಳು ಹಾಗೆ ಹೇಳಲಿಲ್ಲ. ‘ಮಾದೇವೀ, ನಾನು ಇಲ್ಲಿ ಆರಾಮ ಇದ್ದೆ’ ಎಂದು ಶುರುಮಾಡಿದಳು.

ಸ್ವರ ಅವಳದೇ. ನಡಿಗೆ ಅವನದು. ಎಂಟು ದಿನ ಕೇಳಿದ್ದ ನನಗೆ ಅದು ಗೊತ್ತು. ‘ಆತು ಹಾಗಾರೆ’ ಎಂಬಲ್ಲಿ ಅವನು ಎಳೆಯುತ್ತಿದ್ದಷ್ಟೇ ಎಳೆದಳು. ಅವನು ಕೆಮ್ಮಿದಲ್ಲಿ ಕೆಮ್ಮಿದಳು. ನಡುವೆ ಒಂದು ಕಡೆ ನಿಲ್ಲಿಸಿ, ಇಲ್ಲಿ ಮಿಶನ್ನು ಬಂದ್ ಮಾಡಿದ್ದ, ಮರುದಿನ ಶುರುಮಾಡಿದ್ದು ಎಂದು ಹೇಳಿ ಮುಂದುವರಿಸಿದಳು. ಕಳಿಸಿದ ಸೀರೆಯನ್ನು ಉಡದೆ ಟ್ರಂಕಿನಲ್ಲಿ ಇಟ್ಟದ್ದಕ್ಕೆ ಅವನು ಅವಳನ್ನು ಗದರಿದ್ದನಂತೆ. ಅದನ್ನೂ ಬಿಡಲಿಲ್ಲ, ತನ್ನನ್ನು ತಾನೇ ಗದರಿದಳು. ಆಮೇಲೆ ಮಗಳ ಪಾಲು ಬಂತು. ವೀಣಾ, ಶಾಲೆಗೆ ಹೋಗ್ತೆ ಅಲ್ಲನಾ, ಎಂದು ಕೇಳಿ, ಅವನ ಹಾಗೆಯೇ ಸುಮ್ಮನಾದಳು. ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದ ವೀಣಾ ಮೆಲ್ಲಗೆ, ಹೂಂ ಎಂದಳು. ಆ ‘ಹೂಂ’ ರೆಕಾರ್ಡಿನಲ್ಲಿ ಬಂದಿದೆ. ಅಳಿಸಬಹುದಿತ್ತು, ಕೈ ಬರಲಿಲ್ಲ.

ಮುಗಿಯುತ್ತ ಬಂದಿರಬೇಕು. ಮಾದೇವಿ ಒಮ್ಮೆಲೆ ಕೈ ಎತ್ತಿದಳು.

"ಇದು ನಂಗೆ ಮಾತ್ರ ಹೇಳಿದ್ದು, ತಮಾ. ಬಂದ್ ಮಾಡು."

ನಿಲ್ಲಿಸಿದೆ. ಅವಳು ಕಣ್ಣು ಮುಚ್ಚಿದಳು. ತುಟಿ ಅಲುಗತೊಡಗಿತು. ಬಿಟ್ಟು ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಅಷ್ಟನ್ನೂ ಸ್ವರವಿಲ್ಲದೆ, ಅವನು ತೆಗೆದುಕೊಂಡಷ್ಟೇ ಹೊತ್ತು ತೆಗೆದುಕೊಂಡು ಹೇಳಿಕೊಂಡಳು. ಒಂದು ನಿಮಿಷ ಇರಬಹುದು, ಒಂದೂವರೆ ಇರಬಹುದು. ಹೊರಗೆ ಕಂಡಕ್ಟರನೊಬ್ಬ ಗೇರುಸೊಪ್ಪೆ, ಗೇರುಸೊಪ್ಪೆ ಎಂದು ಕೂಗುತ್ತಿದ್ದ. ಆಮೇಲೆ, ಹೂಂ, ಈಗ ಹಚ್ಚು ಎಂದಳು. ಎರಡು ಮಾತಿನಲ್ಲಿ ಶ್ರೀಧರ ಎಲ್ಲರನ್ನೂ ಕೇಳಿದೆನೆಂದು ಹೇಳಿ ಮುಗಿಸಿದ.

ಒಂಬತ್ತನೆಯ ಸಿಡಿಯನ್ನು ಅವಳ ಕೈಯಲ್ಲಿಟ್ಟಾಗ, ತನ್ನ ಸ್ವರ ಇಷ್ಟು ಕೆಟ್ಟದಾಗಿದೆಯಾ ಎಂದು ಕೇಳಿ ನಕ್ಕಳು. ವೀಣಾ ಬಸ್ಸಿನವರೆಗೆ ತಾಯಿಯ ಬುಟ್ಟಿ ಹೊತ್ತುಕೊಂಡು ಹೋದಳು.

ಅಂಗಡಿ ಆಮೇಲೆ ನಾಲ್ಕು ವರ್ಷ ನಡೆಯಿತು. ಮೊಬೈಲಿನಲ್ಲೇ ಹಾಡು ಬರತೊಡಗಿದ ಮೇಲೆ ಬೋರ್ಡು ಇಳಿಸಿ, ಯಂತ್ರದಿಂದ ಆ ಹಸಿರು ಪಟ್ಟಿಯೊಂದನ್ನು ಕಿತ್ತಿಟ್ಟುಕೊಂಡು, ನಾನೊಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದೆ. ಮಂಜುನಾಥ ಕುಮಟೆಯಲ್ಲೇ ಇದ್ದಾನೆ. ಎದುರು ಸಿಕ್ಕರೆ ಇಬ್ಬರೂ ಸಕ್ಕರೆ ಕಾಯಿಲೆಯ ಅಂಕೆ ಹೇಳಿಕೊಳ್ಳುತ್ತೇವೆ. ಮುನೀರ್ ಭಾಯಿ ತೀರಿಕೊಂಡದ್ದು ನನಗೆ ತಿಳಿಯುವಾಗ ಎರಡು ತಿಂಗಳಾಗಿತ್ತು. ಭಟ್ಕಳಕ್ಕೆ ಹೋಗಿ ಆ ಮೆಟ್ಟಿಲ ಕೆಳಗೆ ಸ್ವಲ್ಪ ಹೊತ್ತು ನಿಂತು, ಅತ್ತರಿನ ಅಂಗಡಿಯಲ್ಲಿ ನನಗೆ ಬೇಡದ ಒಂದು ಶೀಶೆ ತೆಗೆದುಕೊಂಡು ಬಂದೆ.

ಹೋದ ವರ್ಷ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ವೀಣಾ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ನನ್ನ ನಂಬರನ್ನು ಹೇಗೋ ಹುಡುಕಿದ್ದಳು. ಅಮ್ಮ ಮಳೆಗಾಲದಲ್ಲಿ ತೀರಿಹೋದಳು ಎಂದಳು. ಅಪ್ಪನ ಎಂಟನ್ನು ಇತ್ತೀಚೆಗೆ ಅಷ್ಟು ಕೇಳುವುದಿಲ್ಲವಂತೆ. ಒಂಬತ್ತನೆಯದನ್ನು, ಅಮ್ಮ ಹೇಳಿದ್ದನ್ನು, ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಕೇಳುತ್ತಾಳಂತೆ. ಆಮೇಲೆ, ಕೊನೆಯ ಹತ್ತಿರ ಒಂದು ಕಡೆ ಕಡಿದು ಜೋಡಿಸಿದ ಹಾಗೆ ಕೇಳುತ್ತದಲ್ಲ, ಅಲ್ಲಿ ಅಮ್ಮ ಸ್ವರವಿಲ್ಲದೆ ಏನೋ ಹೇಳಿಕೊಂಡಿದ್ದಳಲ್ಲ ಎಂದಳು. ನೀವು ಅಮ್ಮನ ಎದುರಿಗೇ ಕೂತಿದ್ದಿರಿ. ಏನಾದರೂ ತಿಳಿಯಿತಾ ಎಂದು ಕೇಳಿದಳು.

"ಇಲ್ಲ ಮಗಾ. ನೋಡ್ಬಾರ್ದು ಅಂತ ಗೋಡೆ ಕಡೆ ತಿರುಗಿದ್ದೆ."

 ಆಚೆಯಿಂದ ಆಸ್ಪತ್ರೆಯ ಗಾಡಿಯ ಚಕ್ರಗಳ ಸದ್ದು ಕೇಳುತ್ತಿತ್ತು.

"ನಾನೂ," ಎಂದಳು. "ನಾನೂ ಬಸ್ಸು ನೋಡ್ತಾ ಇದ್ದೆ."